ಯರಗಟ್ಟಿಯ ಬೋಳುಗುತ್ತಿಗೆಯ ಹೇಂಟೆ

ಬೆಳಗಾವಿ–ಬಾಗಲಕೋಟೆ ರಸ್ತೆಯಲ್ಲಿ ನೇಸರಗಿ ದಾಟಿದರೆ ಎರೆಹೊಲಗಳ ಸೀಮೆ. ದಸರೆ ಮುಗಿದಿತ್ತು. ರಸ್ತೆಯ ಒಂದು ಮಗ್ಗುಲನ್ನು ಒಣಹಾಕಿದ ಗೋವಿನಜೋಳವೇ ಆಕ್ರಮಿಸಿಕೊಂಡಿತ್ತು. ನಮ್ಮ ಬಸ್ಸು ಉಳಿದ ಮಗ್ಗುಲಲ್ಲಿ ಅಳುಕುತ್ತ ಸಾಗಿತು. ಹೊರಟಿದ್ದು ನವಿಲುತೀರ್ಥಕ್ಕೆ. ಜೊತೆಗಿದ್ದವನು ಪಶುವೈದ್ಯ ಗೆಳೆಯ. ನಡುವೆ ಯರಗಟ್ಟಿಯಲ್ಲಿ ಚಿಗವ್ವನ ಮನೆ. ಮೊದಲು ಸವದತ್ತಿ ತಾಲೂಕಿನೊಳಗಿದ್ದು, ಆಮೇಲೆ ತಾನೇ ತಾಲೂಕಾದ ಊರು ಅದು.

ಚಹಾ ಕುಡಿದು ಮುಗಿಸುವ ಮೊದಲೇ ಚಿಗವ್ವ ನಮ್ಮನ್ನು ಹಿತ್ತಲಿಗೆ ಕರೆದೊಯ್ದಳು.

“ನೋಡಿಲ್ಲೆ ತಮ್ಮಾ, ಮೋಸ ಆತು. ಆರು ತಿಂಗಳದ್ದು ಅಂತ ಹೇಳಿ ಸಂತ್ಯಾಗ ಮುದಿ ಕೋಳಿ ಕೊಟ್ಟಾನ. ಪುಚ್ಚ ಎಲ್ಲಾ ಉದರಾಕತ್ತಾವು. ತತ್ತಿನೂ ನಿಂತಾವು.”

ಕೆಂಪು ಜವಾರಿ ಹೇಂಟೆ. ಕುತ್ತಿಗೆ ಅರ್ಧ ಬೋಳು. ಚಿಗವ್ವನ ಅನುಮಾನಕ್ಕೆ ಕಾರಣವಿತ್ತು. ಕೋಳಿ ಮೊದಲ ಸಲ ಮೈತುಂಬ ಗರಿ ಬದಲಿಸುವುದು ಸಾಮಾನ್ಯವಾಗಿ ಒಂದೂಕಾಲು, ಒಂದೂವರೆ ವರ್ಷದ ಹೊತ್ತಿಗೆ, ಅದೂ ಹಗಲು ಕುಗ್ಗುವ ಕಾಲದಲ್ಲಿ. ಎಳೆಯದು ಹೀಗೇಕೆ ಉದುರಿಸಬೇಕು?

ಹೊತ್ತು ಮುಳುಗಿ ಕೋಳಿ ಮಂಕಾದ ಮೇಲೆ ಗೆಳೆಯ ಅದನ್ನು ಟವೆಲಿನಲ್ಲಿ ಸುತ್ತಿ ಹಿಡಿದು ರೆಕ್ಕೆ ಬಿಡಿಸಿದ. ಮೊಬೈಲಿನ ಬೆಳಕು ಹಿಡಿದವನು ನಾನು. ರೆಕ್ಕೆಯ ನಡುವೆ ಒಂದು ಗಿಡ್ಡ ಗರಿ. ಅಲ್ಲಿಂದ ಹೊರಗೆ ಹತ್ತು ದೊಡ್ಡ ಗರಿ. ಒಳಗಿನ ಎಂಟು ಅಗಲವಾಗಿ, ತುದಿ ದುಂಡಗೆ ಇದ್ದವು. ಕಡೆಯ ಎರಡು ಮಾತ್ರ ಸಪೂರ, ತುದಿ ಚೂಪು. ಮರಿಯಾಗಿದ್ದಾಗ ಹುಟ್ಟಿದ ಗರಿಗಳಂತೆ ಅವು! ಮೊಟ್ಟೆಯಿಂದ ಬಂದ ತುಪ್ಪಳ ಆರೆಂಟು ವಾರದೊಳಗೆ ಹೋಗಿ ಗರಿ ಬರುತ್ತದೆ. ತತ್ತಿ ಇಡುವ ಮೊದಲೇ ಆ ಗರಿಯೂ ಹಂತಹಂತವಾಗಿ ಬದಲಾಗುತ್ತದೆ. ರೆಕ್ಕೆಯ ತುದಿಯ ಎರಡು ಮಾತ್ರ ಸಾಮಾನ್ಯವಾಗಿ ಮೊದಲ ದೊಡ್ಡ ಉದುರುವಿಕೆಯವರೆಗೂ ಉಳಿಯುತ್ತವೆ. ಹಿತ್ತಲಲ್ಲಿ ಓಡಾಡುವ ಪ್ರತಿ ಕೋಳಿಯೂ ತನ್ನ ಜನ್ಮಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ತಿರುಗುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

“ಚಿಗವ್ವಾ, ಸಂತ್ಯಾಂವ ಖರೇನ ಹೇಳ್ಯಾನ್ರಿ. ಎಳೀದೈತಿ,” ಎಂದ ಗೆಳೆಯ.

ಹಾಗಾದರೆ ಬೋಳೇಕೆ? ಅವನು ಹಿಂಭಾಗದ ಪುಕ್ಕ ಸರಿಸಿ ನೋಡಿದ. ಗರಿಯ ಬುಡದಲ್ಲಿ ಹೇನಿನ ತತ್ತಿಯ ಗೊಂಚಲಿರಲಿಲ್ಲ. ಬೆನ್ನಿನ ಗರಿ ಮುರಿದಿರಲಿಲ್ಲ, ಅಂದರೆ ಹುಂಜದ ಕಾಟವೂ ಅಲ್ಲ. ಬೋಳು ಕುತ್ತಿಗೆಯ ಮೇಲೆ ಬೆಳಕು ಬಿದ್ದಾಗ ಚರ್ಮದ ತುಂಬ ನೀಲಿಗಪ್ಪು ಮೊಳೆಗಳು ಕಂಡವು. ಒಂದೊಂದರ ಮೇಲೂ ಮೇಣದಂಥ ತೆಳು ಕೊಳವೆ. ತುದಿಯಲ್ಲಿ ಅದು ಹೊಟ್ಟಾಗಿ ಉದುರಿ, ಒಳಗಿಂದ ಕೆಂಪು ಗರಿ ಬಿಚ್ಚಿಕೊಳ್ಳುತ್ತಿತ್ತು. ಬೆಳೆಯುವಷ್ಟು ದಿನ ಅದರೊಳಗೆ ರಕ್ತ ಹರಿಯುತ್ತದೆ. ಮುಟ್ಟಿದರೆ ನೋವು, ಮುರಿದರೆ ರಕ್ತ.

ಕಾಲು ಕಟ್ಟಿಸಿಕೊಂಡು ಸಂತೆಯ ಬಿಸಿಲಲ್ಲಿ ನೀರಿಲ್ಲದೆ ಕಳೆದ ಹಗಲು, ಹೊಸ ಮನೆ, ಕಾಳಿನ ಹತ್ತಿರ ಬಿಡದ ಹಳೆಯ ಕೋಳಿಗಳು: ಇಷ್ಟು ಸಾಕು, ಎಳೆ ಹೇಂಟೆ ತತ್ತಿ ನಿಲ್ಲಿಸಿ ಕುತ್ತಿಗೆ ಬೋಳಿಸಿಕೊಳ್ಳುವುದಕ್ಕೆ. ಮೇಲೆ ಹಗಲೂ ಕುಗ್ಗುತ್ತಿತ್ತು. ಯರಗಟ್ಟಿ ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ; ಇಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡದ್ದಕ್ಕೂ ಎರಡು ತಾಸಿನಷ್ಟೂ ಅಂತರವಿಲ್ಲ. ನಮ್ಮ ಲಕ್ಷ್ಯಕ್ಕೇ ಬಾರದ ಆ ಅಂತರವನ್ನು ಕೋಳಿ ಲೆಕ್ಕ ಹಿಡಿಯುತ್ತದೆ, ಬರೀ ಕಣ್ಣಿನಿಂದಲ್ಲ. ತಲೆಬುರುಡೆಯನ್ನು ಹಾಯ್ದು ಒಳಗಿಳಿದ ಬೆಳಕನ್ನು ಅದರ ಮಿದುಳೇ ನೇರವಾಗಿ ಗ್ರಹಿಸುತ್ತದೆ! ಇದನ್ನು ಕೇಳಿದ ಚಿಗವ್ವ ಕೋಳಿಯ ತಲೆಯನ್ನೊಮ್ಮೆ, ಗೆಳೆಯನ ಮುಖವನ್ನೊಮ್ಮೆ ನೋಡಿದಳು.

ಕಷ್ಟಕ್ಕೆ ಸಿಕ್ಕ ಕೋಳಿ ತತ್ತಿ ನಿಲ್ಲಿಸಿ ಗರಿ ಉದುರಿಸುತ್ತದೆಂಬ ಗುಟ್ಟನ್ನು ಮನುಷ್ಯ ದುಡಿಸಿಕೊಳ್ಳದೆ ಬಿಟ್ಟಿಲ್ಲ. ದೊಡ್ಡ ಫಾರಂಗಳಲ್ಲಿ ಮುದಿ ಕೋಳಿಗಳಿಗೆ ದಿನಗಟ್ಟಲೆ ಕಾಳು ತಪ್ಪಿಸಿ, ಗರಿ ಉದುರಿಸಿ, ಮತ್ತೊಂದು ಸುತ್ತು ತತ್ತಿ ಪಡೆಯುವ ಪದ್ಧತಿಯಿತ್ತು. ಹೀಗೆ ಉಪವಾಸ ಕೆಡಹುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ವಿರುದ್ಧವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2011ರಲ್ಲಿ ಹೇಳಿತು. ಅಷ್ಟು ತಡವಾಗಿ!

“ಈಗೇನ್ ಹಾಕ್ಲಿ?” ಚಿಗವ್ವನ ಪ್ರಶ್ನೆ.

ಗರಿಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪ್ರೋಟೀನು. ಬರೀ ಜೋಳ ತಿಂದು ಅಷ್ಟನ್ನು ನೇಯಲಾಗದು. ಎಮ್ಮೆಗೆ ತಂದ ಶೇಂಗಾ ಹಿಂಡಿ ಮನೆಯಲ್ಲೇ ಇತ್ತು. “ಬೂಸಲು ಬಂದದ್ದು ಮಾತ್ರ ಬ್ಯಾಡ್ರಿ, ಕೋಳಿಗೆ ಅದು ವಿಷ. ಮತ್ತ ಕೋಳೀನ್ನ ಭಾಳ ಹಿಡೀಬ್ಯಾಡ್ರಿ,” ಎಂದ ಗೆಳೆಯ.

ಮರುದಿನ ಮುನವಳ್ಳಿ ದಾಟಿ ನವಿಲುತೀರ್ಥಕ್ಕೆ ಹೋದೆವು. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಮಲಪ್ರಭೆಗೆ ಅಣೆಕಟ್ಟು. ಪೊದೆಯ ಬುಡದಲ್ಲಿ ಒಂದು ನವಿಲುಗರಿ ಬಿದ್ದಿತ್ತು. ಗಂಡು ನವಿಲು ಪ್ರತಿವರ್ಷ ಮಳೆಗಾಲದ ಕೊನೆಗೆ ತನ್ನ ಇಡೀ ಸೋಗೆಯನ್ನು ಹೀಗೆ ಕಳಚಿ ಬೋಳಾಗುತ್ತದೆ. ಗೆಳೆಯ ಕಣ್ಣಿನ ಚಿತ್ರವಿದ್ದ ತುದಿಯನ್ನು ನೋಡಲೇ ಇಲ್ಲ. ಬುಡವನ್ನು ಬೆಳಕಿಗೆ ಹಿಡಿದ. ಬೆಳ್ಳಗೆ, ಒಣಗಿ, ಬಾಯಿ ಮುಚ್ಚಿತ್ತು. ಕಿತ್ತ ಗರಿಯಾದರೆ ಅಲ್ಲಿ ರಕ್ತದ ಗುರುತು ಉಳಿಯುತ್ತದಂತೆ. 1972ರ ವನ್ಯಜೀವಿ ಕಾಯ್ದೆ ತಾನಾಗಿ ಉದುರಿದ ನವಿಲುಗರಿಗೆ ದೇಶದೊಳಗೆ ವಿನಾಯಿತಿ ಕೊಟ್ಟಿದೆ. ಕಿತ್ತದ್ದೋ ಉದುರಿದ್ದೋ ಎಂಬ ತಕರಾರು ಬಂದಾಗ ನೋಡುವುದು ಬುಡದ ಆ ಒಂದೆರಡು ಅಂಗುಲವನ್ನೇ.