ಅಣ್ಣ ಅಳ್ತಿರ್ಲಿಲ್ಲ

ಹೋದ ದೀಪಾವಳಿ ದಿನ ಬೆಳಿಗ್ಗೆ ಎಣ್ಣೆ ಸ್ನಾನ ಮುಗಿಸಿ ನಾವು ಮನೆಮಂದಿಯೆಲ್ಲ ಕುರುಗೋಡಿನ ಮನೆಯ ಪಡಸಾಲೆಯಲ್ಲಿ ಒಂದೇ ಮೊಬೈಲ್ ಮುಂದೆ ಕೂತಿದ್ವಿ. ಮೆಲ್ಬರ್ನ್‌ನಿಂದ ಅಣ್ಣನ ವಿಡಿಯೋ ಕಾಲ್. ಅವನ ಕಣ್ಣು ಕೆಂಪು, ಮೂಗು ಕೆಂಪು, ಎರಡು ಮಾತಿಗೊಂದು ಸಲ ಟಿಶ್ಯೂ.

"ಯಾಕಪ್ಪಾ, ಅಳ್ತಾ ಇದ್ದೀಯೇನು?" ಅಂದ್ರು ಅಮ್ಮ.

"ಇಲ್ಲಮ್ಮ, ನೆಗಡಿ."

ಮೂರು ವಾರದಿಂದ ಅದೇ ಉತ್ತರ. ಯಾವ ನೆಗಡಿ ಮೂರು ವಾರ ಇರುತ್ತೆ? ಹುಡುಗ ಊರು ನೆನೆಸ್ಕೊಂಡು ಅಳ್ತಾ ಇದಾನೆ, ನಮಗೆ ಸುಳ್ಳು ಹೇಳ್ತಿದಾನೆ ಅಂತ ನಾವೇ ತೀರ್ಮಾನ ಮಾಡಿಬಿಟ್ವಿ. ಅಮ್ಮ ಅವತ್ತು ತಾವೇ ಮಾಡಿದ ಹೋಳಿಗೆ ಮುಟ್ಟಲಿಲ್ಲ. ಅಪ್ಪ ರಾತ್ರಿ ಮೆಲ್ಲಗೆ, "ಲೋನ್ ಹೆಂಗೋ ತೀರಿಸಿದ್ರಾತು, ವಾಪಸ್ ಬಾ ಅಂತ ಹೇಳ್ರಿ" ಅಂದ್ರು. ಆ ಲೋನ್‌ಗೆ ಹೊಲದ ಪತ್ರ ಇಟ್ಟಿದ್ದು ಅವರೇ.

ವಾರ ಬಿಟ್ಟು ಅಣ್ಣ ಅಲ್ಲಿನ ಡಾಕ್ಟರ್ ಹತ್ರ ಹೋಗಿಬಂದ. ಮನೆ ನೆನಪೂ ಅಲ್ಲ, ನೆಗಡಿಯೂ ಅಲ್ಲ. ಹೇ ಫೀವರ್ ಅಂತೆ.

ಹೆಸರು ಕೇಳಿ ಮನೆಯಲ್ಲಿ ಗಲಾಟೆಯೇ ಆಯ್ತು. "ಜ್ವರ ಎಷ್ಟೈತೆ?" ಅಂತ ಅಮ್ಮ. ಜ್ವರ ಇಲ್ಲ. "ಹೇ ಅಂದ್ರೆ ಒಣ ಹುಲ್ಲಲ್ಲೇನು? ಹಿತ್ತಲಲ್ಲಿ ಬಣವೆ ಒಟ್ಟಿಕೊಂಡೇ ಬದುಕಿದೀವಿ, ನಮಗ್ಯಾಕೆ ಬಂದಿಲ್ಲ?" ಅಂತ ಅಪ್ಪ. ಒಣ ಹುಲ್ಲೂ ಕಾರಣ ಅಲ್ಲ, ಪೊಲೆನ್ ಕಾರಣ ಅಂದ್ವಿ. ಪೊಲೆನ್‌ಗೆ ಕನ್ನಡದಲ್ಲಿ ಏನಂತಾರೆ ಅಂತ ಅಜ್ಜಿ ಕೇಳಿದಾಗ ಇಂಗ್ಲಿಷ್ ಮೀಡಿಯಂನ ನಾವು ಬಾಯಿ ಮುಚ್ಚಿಕೊಂಡ್ವಿ. ಕೊನೆಗೆ ಅಜ್ಜಿಯೇ, "ಜೋಳ ಹೂ ಬಿಟ್ಟಾಗ ಮೈಮೇಲೆ ಉದುರ್ತೈತಲ್ಲ, ಆ ಪುಡಿಯೇನು?" ಅಂದ್ರು. ಅದೇ. ಪರಾಗ ಅನ್ನೋ ಪದ ಆಮೇಲೆ ಹುಡುಕಿ ಕಲಿತಿದ್ದು.

ಹೆಸರು ತಪ್ಪಿದ್ದರಲ್ಲಿ ನಮ್ಮ ತಪ್ಪೇನೂ ಇಲ್ಲ. 1819ರಲ್ಲಿ ಲಂಡನ್ನಿನ ಜಾನ್ ಬೋಸ್ಟಾಕ್ ಅನ್ನೋ ವೈದ್ಯರು ಬೇಸಿಗೆಯಲ್ಲಿ ತಮಗೇ ಬರ್ತಿದ್ದ ಈ ಕಾಟವನ್ನ ಮೊದಲ ಸಲ ಸರಿಯಾಗಿ ವಿವರಿಸಿ ಬರೆದರು. ಹೊಸ ಹುಲ್ಲಿನ ವಾಸನೆಯಿಂದ ಬರುತ್ತೆ ಅಂತ ಜನ ನಂಬಿದ್ದಕ್ಕೆ ಆ ಹೆಸರು ನಿಂತುಬಿಡ್ತು. ಪರಾಗದಿಂದ ಬರುತ್ತೆ ಅಂತ ಚಾರ್ಲ್ಸ್ ಬ್ಲಾಕ್ಲಿ ತಮ್ಮ ಮೇಲೇ ಪ್ರಯೋಗ ಮಾಡಿ ತೋರಿಸಿ, 1873ರಲ್ಲಿ ಪುಸ್ತಕ ಬರೆದರು.

ನಮಗೆ ಅರ್ಥ ಆಗದೇ ಇದ್ದಿದ್ದು ಬೇರೆ. ಅಣ್ಣ ಮೆಣಸಿನಕಾಯಿ ಕಣದಲ್ಲಿ ಬೆಳೆದವನು. ನಮ್ಮ ಕಡೆ ಕಣದಲ್ಲಿ ಮೆಣಸಿನಕಾಯಿ ಒಣಗಿಸಿ ಚೀಲ ತುಂಬೋವಾಗ ಹೊಸಬರು ಅರ್ಧ ಗಂಟೆ ನಿಲ್ಲೋಕಾಗಲ್ಲ. ಅಂಥಾ ಘಾಟಿಗೆ ಜಗ್ಗದವನು ಹುಲ್ಲಿನ ಪುಡಿಗೆ ಸೋತನಾ?

ಎರಡೂ ಸೀನೇ, ಆದ್ರೆ ಒಂದೇ ಅಲ್ಲ. ಮೆಣಸಿನಕಾಯಿ ಘಾಟು ಯಾರ ಮೂಗನ್ನಾದ್ರೂ ಉರಿಸುತ್ತೆ. ಅಲರ್ಜಿ ಹಾಗಲ್ಲ, ಅದಕ್ಕೆ ನೆನಪು ಬೇಕು. ದೇಹ ಹೊಸ ಪರಾಗವನ್ನ ಶತ್ರು ಅಂತ ತಪ್ಪು ತಿಳಿದು ಅದರ ವಿರುದ್ಧ ಐಜಿಇ ಅನ್ನೋ ಪ್ರತಿಕಾಯ ತಯಾರಿಸಿ ಇಟ್ಕೊಳ್ಳುತ್ತೆ. ಮತ್ತೆ ಅದೇ ಪರಾಗ ಬಂದಾಗ ಹಿಸ್ಟಮಿನ್ ಬಿಡುಗಡೆ ಆಗುತ್ತೆ, ಮೂಗು ಕಣ್ಣು ಎರಡೂ ಸುರಿಯುತ್ತೆ. ಅದಕ್ಕೇ ಹೊಸ ದೇಶಕ್ಕೆ ಹೋದ ಎಷ್ಟೋ ಜನಕ್ಕೆ ಮೊದಲ ವರ್ಷ ಏನೂ ಆಗಲ್ಲ. ಅಣ್ಣನಿಗೂ ಹಾಗೇ ಆಯ್ತು. ಅಲ್ಲಿನ ಮೊದಲ ವಸಂತ ಆರಾಮಾಗಿ ಕಳೆದ, ಎರಡನೇದರಲ್ಲಿ ಸಿಕ್ಕಿಬಿದ್ದ. ನಮ್ಮ ದೀಪಾವಳಿ ಹೊತ್ತಿಗೆ ಅಲ್ಲಿ ವಸಂತ, ರೈಗ್ರಾಸ್ ಅನ್ನೋ ಹುಲ್ಲು ಹೂ ಬಿಡೋ ಕಾಲ.

"ಬರೀ ಸೀನು ತಾನೇ" ಅಂತ ನಗ್ತಿದ್ದ ನಾವು, ಮೆಲ್ಬರ್ನ್‌ನಲ್ಲಿ 2016ರ ನವೆಂಬರ್ 21ರಂದು ಆಗಿದ್ದನ್ನ ಓದಿದ ಮೇಲೆ ನಗೋದು ಬಿಟ್ವಿ. ಅವತ್ತು ಸಂಜೆ ಗುಡುಗು ಮಳೆ ಬಂತು. ಪರಾಗದ ಕಾಳು ಸಾಮಾನ್ಯವಾಗಿ ದಪ್ಪ, ಮೂಗಲ್ಲೇ ನಿಲ್ಲುತ್ತೆ. ಅಂಥಾ ಬಿರುಗಾಳಿಯ ತೇವಕ್ಕೆ ಅದು ಒಡೆದು ಸಣ್ಣ ಚೂರಾದ್ರೆ ನೇರ ಶ್ವಾಸಕೋಶಕ್ಕೆ ಇಳಿಯುತ್ತೆ. ಕೆಲವೇ ಗಂಟೆಗಳಲ್ಲಿ ಸಾವಿರಾರು ಜನ ಉಸಿರಾಡೋಕಾಗದೆ ಆಸ್ಪತ್ರೆಗೆ ಓಡಿದ್ರು, 10 ಜನ ತೀರಿಕೊಂಡ್ರು. ಎಷ್ಟೋ ಜನಕ್ಕೆ ಮೊದಲು ಅಸ್ತಮಾ ಇದೆ ಅಂತಾನೇ ಗೊತ್ತಿರಲಿಲ್ಲ, ಇದ್ದಿದ್ದು ಹೇ ಫೀವರ್ ಮಾತ್ರ. ಹೆಚ್ಚು ತೊಂದರೆ ಆದವರಲ್ಲಿ ನಮ್ಮ ಕಡೆಯಿಂದ, ಅಂದ್ರೆ ಭಾರತ ಮತ್ತು ಅಕ್ಕಪಕ್ಕದ ದೇಶಗಳಿಂದ ಹೋದವರೂ ಬಹಳ ಇದ್ರು. ಈಗ ಅಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ದಿನಾ ಮುನ್ಸೂಚನೆ ಕೊಡ್ತಾರೆ.

ನಮ್ಮ ಕ್ಯಾಂಪಸ್‌ನಲ್ಲೂ ಜಿಆರ್‌ಇಗೆ ಓದ್ತಿರೋರು ಇದ್ದೀರಿ. ಅದಕ್ಕೆ ಅಣ್ಣ ಕಲಿತಿದ್ದನ್ನ ಇಲ್ಲಿ ಬರೀತಿದೀವಿ. ಮೂಗಿನ ಸ್ಟಿರಾಯ್ಡ್ ಸ್ಪ್ರೇ ಸೀನು ಬಂದಾಗ ಮಾತ್ರ ಹೊಡ್ಕೊಂಡ್ರೆ ಸಾಲದು. ಡಾಕ್ಟರ್ ಕೇಳಿ ಸೀಸನ್‌ಗೆ ಮುಂಚೆಯೇ ಶುರು ಮಾಡಿ ದಿನಾ ತಗೋಬೇಕು. ಅಲರ್ಜಿ ಮಾತ್ರೆಗಳಲ್ಲಿ ನಿದ್ದೆ ಕಮ್ಮಿ ತರೋವು ಇವೆ, ಪರೀಕ್ಷೆ ಟೈಮಲ್ಲಿ ಅಂಥದ್ದನ್ನೇ ಕೇಳಿ. ಪರಾಗ ಜಾಸ್ತಿ ಇರೋ ದಿನ ಬಟ್ಟೆ ಹೊರಗೆ ಒಣಹಾಕಬೇಡಿ, ಹೊರಗಿಂದ ಬಂದ ತಕ್ಷಣ ಸ್ನಾನ ಮಾಡಿ. ಗುಡುಗು ಮಳೆ ಎಚ್ಚರಿಕೆ ಇದ್ರೆ ಕಿಟಕಿ ಹಾಕ್ಕೊಂಡು ಒಳಗಿರಿ. ಎದೆ ಬಿಗಿಯೋದು, ಸುಂಯ್ ಅಂತ ಶಬ್ದ ಬರೋದು ಆದ್ರೆ ಅದು ನೆಗಡಿ ಅಲ್ಲ, ತಡ ಮಾಡಬೇಡಿ. ಅಮ್ಮ ಹೇಳಿಕೊಟ್ಟ ಶುಂಠಿ ಕಷಾಯ ಅವನು ಈಗಲೂ ಕುಡೀತಾನೆ. ಗಂಟಲಿಗೆ ಹಿತ, ಆದ್ರೆ ಇನ್‌ಹೇಲರ್ ಬ್ಯಾಗಲ್ಲೇ ಇರುತ್ತೆ.

ಇನ್ನೊಂದು ವಿಷಯ ಬಾಕಿ ಇದೆ. ಮುಂದಿನ ಕಾಲ್‌ನಲ್ಲಿ ಅಣ್ಣ ಕೇಳಿದ: "ಅಮ್ಮ, ದೀಪಾವಳಿ ದಿನ ನೀನೂ ಸೆರಗಲ್ಲಿ ಕಣ್ಣು ಒರೆಸ್ಕೊಳ್ತಿದ್ದೆ. ನೀನೂ ಅಳ್ತಾ ಇದ್ದೀ ಅನ್ಕೊಂಡಿದ್ದೆ. ಆದ್ರೆ ಪ್ರತಿ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ನಿಂಗೆ ಹಿಂಗೇ ಆಗ್ತೈತಲ್ಲ?"

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಹೌದು, ಪ್ರತಿ ವರ್ಷ. ಬಳ್ಳಾರಿ ಧೂಳು ಅಂತ ಅಂದುಕೊಂಡು ಇಷ್ಟು ವರ್ಷ ಕಳೆದಿದ್ವಿ. ಅಲರ್ಜಿ ಸ್ವಭಾವ ಮನೆತನದಲ್ಲಿ ಬರಬಹುದು ಅಂತ ಡಾಕ್ಟರ್ ಅವನಿಗೆ ಹೇಳಿದ್ರಂತೆ. ಬಳ್ಳಾರಿಯಲ್ಲಿ ಅಮ್ಮನನ್ನ ತೋರಿಸಿದಾಗ ಅಲ್ಲಿನ ಡಾಕ್ಟರ್ ಮೊದಲು ಕೇಳಿದ್ದು, "ಮನೆ ಹತ್ರ ಪಾರ್ಥೇನಿಯಂ ಇದೆಯಾ?" ಅಂತ. ಹಿತ್ತಲ ತುಂಬ ಇದೆ. ನಾವು ಕಾಂಗ್ರೆಸ್ ಗಿಡ ಅಂತೀವಲ್ಲ, ಅದೇ. ಅದೂ ಪರದೇಶದ್ದು, ಅಮೆರಿಕ ಖಂಡದಿಂದ ಬಂದು 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿದ್ದು.

ಅಣ್ಣ ಹುಲ್ಲಿರೋ ದೇಶಕ್ಕೆ ಹೋದ. ಅಮ್ಮ ಎಲ್ಲೂ ಹೋಗಲಿಲ್ಲ, ಗಿಡವೇ ಅವರ ಹಿತ್ತಲಿಗೆ ಬಂತು.

ಆ ಭಾನುವಾರ ಮಾಸ್ಕ್, ಗ್ಲೌಸ್ ಹಾಕ್ಕೊಂಡು ಹಿತ್ತಲೆಲ್ಲ ಕಿತ್ತು ಹಾಕಿದ್ವಿ. ಅಮ್ಮ ಒಳಗೆ ಕಿಟಕಿ ಹಾಕ್ಕೊಂಡು ಅಣ್ಣನ ಜೊತೆ ಮಾತಾಡ್ತಾ ಕೂತಿದ್ರು. ಅವತ್ತು ಇಬ್ಬರ ಕಣ್ಣೂ ಒಣಗಿತ್ತು.