ಗಾಡಿಯ ಸ್ವಾಮಿಯೂ ಸಾರಥಿಯೂ

ಅಂಜನಾಪುರದ ಜಲಾಶಯದ ಕಡೆಯಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿ ಎತ್ತಿನ ಗಾಡಿ ಕಾಣುವುದು ಈಗ ಅಪರೂಪವಾಗಿದೆ. ಕುಮುದ್ವತಿಯ ನೀರುಂಡ ಗದ್ದೆಗಳ ನಡುವೆ ಓಡಾಡುವುವೆಲ್ಲ ಮೋಟಾರು ಸೈಕಲ್ಲುಗಳೇ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಜೋಳದ ಮೂಟೆ, ಹೆಂಡತಿ, ಮಕ್ಕಳು, ಎಲ್ಲಕ್ಕೂ ಆ ಎರಡು ಚಕ್ರಗಳೇ ಆಧಾರ. ಅದರ ಬೆಲೆಯನ್ನೂ ಮೈಲೇಜನ್ನೂ ಬಾಯಿಪಾಠವಾಗಿ ಒಪ್ಪಿಸಬಲ್ಲ ಗೃಹಸ್ಥರು, ವಿಮೆಯ ಕಾಗದ ಎಲ್ಲಿದೆಯೆಂದು ಕೇಳಿದರೆ ಮಾತ್ರ ಮನೆಯವರ ಮುಖ ನೋಡುತ್ತಾರೆ.

ಶಬ್ದರೂಪಾವಳಿಯನ್ನು ಕಲಿಸಿ ನಿವೃತ್ತರಾದ ನಮಗೆ ಈ ಯಂತ್ರದ ಗೊಡವೆ ಏಕೆಂದು ವಾಚಕರು ನಗಬಹುದು. ಆದರೆ ವಾಹನದಿಂದ ಹಾನಿಯಾದಾಗ ಹೊಣೆ ಯಾರದೆಂಬ ಜಿಜ್ಞಾಸೆ ಪೆಟ್ರೋಲಿಗಿಂತ ಬಹು ಹಳೆಯದು. ಮನುಸ್ಮೃತಿಯ ಎಂಟನೆಯ ಅಧ್ಯಾಯವನ್ನು ನೋಡಬಹುದು. ಮೂಗುದಾರ ಹರಿದು, ನೊಗ ಮುರಿದು, ಅಚ್ಚು ಮುರಿದು ಅನಾಹುತವಾದರೆ ದಂಡವಿಲ್ಲ. ಸಾರಥಿಯು 'ದೂರ ಸರಿ' ಎಂದು ಕೂಗಿದ್ದರೂ ಇಲ್ಲ. ಸಾರಥಿಯ ಅಕೌಶಲದಿಂದ ಗಾಡಿ ದಾರಿ ತಪ್ಪಿ ಹಿಂಸೆಯಾದರೆ ಗಾಡಿಯ ಸ್ವಾಮಿಗೆ ಇನ್ನೂರು ಪಣ. ಸಾರಥಿ ಕುಶಲನಾಗಿದ್ದರೆ ದಂಡ ಅವನಿಗೇ. ಅಕುಶಲನ ಗಾಡಿಯಲ್ಲಿ ಕುಳಿತವರಿಗೂ ತಲೆಗೆ ನೂರು ಪಣವೆಂದು ಹೇಳಿರುವುದು ನಮಗೆ ಬಹಳ ಸೊಗಸಾಗಿ ಕಾಣುತ್ತದೆ. ಕೌಟಿಲ್ಯನು ಇನ್ನೂ ಮುಂದೆ ಹೋಗುತ್ತಾನೆ. ಬಾಲಕನು ಗಾಡಿ ಹೊಡೆಯುತ್ತಿದ್ದರೆ ಅದರಲ್ಲಿರುವ ಸ್ವಾಮಿಯೇ ದಂಡಾರ್ಹನು. ಬಾಲಕನ ವಶದಲ್ಲಿರುವ ಗಾಡಿಯನ್ನು ಅರಸನು ಕಸಿದುಕೊಳ್ಳತಕ್ಕದ್ದು. ಈ ಅರ್ಥಶಾಸ್ತ್ರದ ಓಲೆಗಳು ದೊರೆತದ್ದೂ, ಪಂಡಿತ ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಪ್ರಕಟಿಸಿದ್ದೂ ನಮ್ಮ ಮೈಸೂರಿನಲ್ಲಿಯೇ.

ಈ ವಿಚಾರ ಕಳೆದ ಜೂನಿನಲ್ಲಿ ನಮ್ಮ ಮನೆಯ ಜಗಲಿಗೇ ಬಂದಿತು. ಮಗಳ ಮಗನಿಗೆ ಹದಿನಾರು ತುಂಬಿದೆ, ಕಾಲೇಜು ಶಿಕಾರಿಪುರದಲ್ಲಿ. ಮಗಳು ಬಂದು, "ಅಪ್ಪಾ, ಬಸ್ಸು ತಪ್ಪಿದರೆ ಮೊದಲ ಪಾಠವೇ ಹೋಗುತ್ತದೆ. ಊರಿನ ಹುಡುಗರೆಲ್ಲ ಓಡಿಸುತ್ತಾರೆ. ಇವರು ನಿಮ್ಮ ಮಾತನ್ನು ತೆಗೆದುಹಾಕುವುದಿಲ್ಲ, ಗಾಡಿ ಕೊಡಿ ಎಂದು ಒಂದು ಮಾತು ಹೇಳಿ" ಎಂದಳು. ಅವಳ ಕಷ್ಟ ಸುಳ್ಳಲ್ಲ. ಆದರೂ ನಾವು ಹೇಳಲಿಲ್ಲ. ಹದಿನಾರರ ಹುಡುಗನಿಗೆ ಕಾನೂನು ಬಿಡುವುದು 50 ಸಿ.ಸಿ. ಮೀರದ ಗಾಡಿಯನ್ನು ಮಾತ್ರ, ಅದೂ ಲೈಸೆನ್ಸು ಪಡೆದ ಮೇಲೆ. ಅಳಿಯಂದಿರದು ನೂರು ದಾಟಿದ್ದು. 2019ರ ತಿದ್ದುಪಡಿಯಂತೆ, ಬಾಲಕನು ವಾಹನ ನಡೆಸಿ ಅಪರಾಧವಾದರೆ ತಂದೆಗೆ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ. ಕೌಟಿಲ್ಯನ ಅರಸನೇ ಮತ್ತೆ ಬಂದಂತಿದೆ.

ನಮಗೆ ಅದಕ್ಕಿಂತ ಭಯವಾದದ್ದು ಬೇರೊಂದು. ಲೈಸೆನ್ಸಿಲ್ಲದವನೆಂದು ತಿಳಿದೂ ಗಾಡಿ ಕೊಟ್ಟು, ಅವನು ದಾರಿಹೋಕರೊಬ್ಬರ ಪ್ರಾಣ ತೆಗೆದರೆ, ವಿಮಾ ಕಂಪೆನಿಯು ನೊಂದವರಿಗೆ ಹಣ ತೆತ್ತು ಅದನ್ನು ಮಾಲೀಕನಿಂದ ವಸೂಲು ಮಾಡಬಹುದೆಂದು ಸುಪ್ರೀಂ ಕೋರ್ಟು 2004ರಲ್ಲಿಯೇ ತೀರ್ಪಿತ್ತಿದೆ. ಅಳಿಯಂದಿರಿಗೆ ಇರುವುದು ಮೂರು ಎಕರೆ ಗದ್ದೆ. ಹುಡುಗನು ನಾಲ್ಕು ದಿನ ನಮ್ಮೊಡನೆ ಮಾತನಾಡಲಿಲ್ಲ. ಆಡದಿದ್ದರೂ ಚಿಂತೆಯಿಲ್ಲವೆಂದು ನಾವು ಸುಮ್ಮನಿದ್ದೆವು.

ವಿಮೆಯ ಕಡ್ಡಾಯ ಹೊಸದಲ್ಲ. 1939ರ ಮೋಟಾರು ವಾಹನ ಕಾಯಿದೆಯ ಆ ಭಾಗ 1946ರ ಜುಲೈ 1ರಿಂದ ಜಾರಿಗೆ ಬಂದಿತು. ಈಗ 1988ರ ಕಾಯಿದೆ ಅದನ್ನೇ ವಿಧಿಸುತ್ತದೆ. ನಮ್ಮ ಗಾಡಿಯಿಂದ ಪರರಿಗಾಗುವ ಹಾನಿಯನ್ನು ಭರಿಸುವ ಈ ವಿಮೆ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. 2018ರ ಸೆಪ್ಟೆಂಬರಿನಿಂದ ಹೊಸ ಗಾಡಿಗೆ ಐದು ವರ್ಷದ ಇಂತಹ ವಿಮೆಯನ್ನು ಕೊಳ್ಳುವಾಗಲೇ ಮಾಡಿಸಬೇಕಾಗಿದೆ. ಇದರಿಂದ ಉಪಕಾರವಾದದ್ದು ನಿಜ. ಆದರೆ ಐದು ವರ್ಷ ಮರೆತಿದ್ದವರಿಗೆ ಆರನೆಯ ವರ್ಷ ನೆನಪಾಗುವುದು ಹೇಗೆ? 75ರಿಂದ 150 ಸಿ.ಸಿ.ಯ ಗಾಡಿಗೆ 2022ರ ಜೂನಿನಲ್ಲಿ ಗೊತ್ತುಮಾಡಿದ ದರ ವರ್ಷಕ್ಕೆ 714 ರೂಪಾಯಿ, ತೆರಿಗೆ ಬೇರೆ. ದೀಪಾವಳಿಯ ಪಟಾಕಿಗೆ ಇದಕ್ಕಿಂತ ಹೆಚ್ಚು ಸುಡುವವರನ್ನು ನಾವು ಬಲ್ಲೆವು.

ಹಳೆಯ ಗಾಡಿ ಮಾರುವವರು ಒಂದನ್ನು ಅವಶ್ಯ ಗಮನಿಸತಕ್ಕದ್ದು. ನಮ್ಮ ಕಡೆ ಹಣ ಎಣಿಸಿ ಕೀಲಿಕೈ ಕೊಟ್ಟರೆ ಮಾರಾಟ ಮುಗಿಯಿತು. ಸರಕಾರದ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕನೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಗಾಡಿ ಮೂರು ಕೈ ದಾಟಿ ಯಾವುದೋ ಊರಿನಲ್ಲಿ ಯಾರಿಗೋ ಬಡಿದರೆ ಸಮನ್ಸು ಬರುವುದು ಮೊದಲಿನವನ ಬಾಗಿಲಿಗೆ. ಹದಿನಾಲ್ಕು ದಿನದೊಳಗೆ ಹೆಸರು ಬದಲಾವಣೆಗೆ ಬರೆದುಕೊಳ್ಳುವುದು ಲೇಸು.

ಶಿರಸ್ತ್ರಾಣದ ಮಾತು ಎಲ್ಲರೂ ಕೇಳಿದ್ದೇ. ಹಿಂದೆ ಕುಳಿತವರಿಗೂ ಅದು ಬೇಕೆಂದು ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಒತ್ತಾಯವಾಗಿದೆ. ಹಿಂದೆ ಕೂರುವವರ ಸಂಗತಿ ನಮಗೆ ಹತ್ತಿರದ್ದು, ಏಕೆಂದರೆ ನಮಗೆ ವಾಹನ ನಡೆಸಲು ಬಾರದು. ಪೇಟೆಗೆ ಹೋಗುವಾಗ ಯಾರಾದರೂ ಶಿಷ್ಯರು "ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ" ಎಂದು ನಿಲ್ಲಿಸುತ್ತಾರೆ. ಕಾಯಿದೆ ಕಡ್ಡಾಯ ಮಾಡಿರುವ ಬರಿಯ ವಿಮೆಯು ಹೀಗೆ ಪುಕ್ಕಟೆಯಾಗಿ ಹಿಂದೆ ಕುಳಿತವನನ್ನು ಒಳಗೊಳ್ಳುವುದಿಲ್ಲವೆಂದು 2006ರ ತೀರ್ಪು. ಅವನಿಗೂ ರಕ್ಷೆ ಬೇಕಾದರೆ ಪ್ಯಾಕೇಜು ಪಾಲಿಸಿ ಇರಬೇಕು. ಸ್ಮೃತಿಯಲ್ಲಿ ನೂರು ಪಣ ತೆರಬೇಕಾಗಿದ್ದವನು ಇಲ್ಲಿ ಬರಿಗೈಯಲ್ಲಿ ಬಿದ್ದಿರಬೇಕು.

ಇದನ್ನು ತಿಳಿದ ಮೇಲೆ ನಿಲ್ಲಿಸಿದವರನ್ನೆಲ್ಲ ನಾವು ಕೇಳುತ್ತೇವೆ, "ಅಪ್ಪಾ, ನಿನ್ನ ಪಾಲಿಸಿ ಯಾವ ಬಗೆಯದು?" ಹೆಚ್ಚಿನವರು ನಗುತ್ತಾರೆ. ಒಬ್ಬನು ಮಾತ್ರ ನಗದೆ, ಮರುದಿನ ಫೋನಿನಲ್ಲಿ ಕಾಗದವನ್ನು ಹುಡುಕಿ ತಂದು ತೋರಿಸಿದನು. ಅವಧಿ ಮುಗಿದು ಹನ್ನೊಂದು ತಿಂಗಳಾಗಿದ್ದಿತು. ಅವನು ಸೋಮವಾರ ಶಿಕಾರಿಪುರದಲ್ಲಿ ಹಣ ಕಟ್ಟಿ ಬರುವವರೆಗೆ ನಾವು ಬಸ್ಸಿನಲ್ಲಿಯೇ ಓಡಾಡಿದೆವು.