ದುರ್ಬೀನಿನ ಬೆಲೆ

ರಾವೂರ ಕಲ್ಲಿನ ಸೀಮೆಯ ಊರು. ಚಿತ್ತಾಪುರ ತಾಲ್ಲೂಕಿನ, ವಾಡಿ ಜಂಕ್ಷನ್ನಿಗೆ ಸಮೀಪದ ಈ ಊರಿನ ಸುತ್ತ ಶಹಾಬಾದ ಕಲ್ಲೆಂದು ಹೆಸರಾದ ಹಾಸುಗಲ್ಲಿನ ಗಣಿಗಳಿವೆ. ಇಂಥ ಕಲ್ಲಿನ ಹಳೆಯ ಮನೆಯೊಂದರಲ್ಲಿ ಮೂವರು ಅಣ್ಣತಮ್ಮಂದಿರ ಪಾಲಿನ ಮಾತು ಮುಗಿಯುತ್ತ ಬಂದಿತ್ತು. ಹೊಲ ಹಂಚಿಕೆಯಾಯಿತು, ಮನೆ ಹಂಚಿಕೆಯಾಯಿತು. ಕೊನೆಗೆ ಉಳಿದದ್ದು ಅಟ್ಟದ ಮೇಲಿನ ಒಂದು ತಗಡಿನ ಟ್ರಂಕು. ಅದರ ತಳದಲ್ಲಿ ಖಾಕಿ ಬಟ್ಟೆಯಲ್ಲಿ ಸುತ್ತಿದ ಚರ್ಮದ ಚೀಲ. ಚೀಲದೊಳಗೆ ಗೇಣಿಗಿಂತ ತುಸು ಉದ್ದದ ಕಪ್ಪು ಉಕ್ಕಿನ ಕೊಳವೆ. ಅದು ಅಜ್ಜನ ರೈಫಲ್ಲಿನ ದುರ್ಬೀನು.

ರೈಫಲ್ಲು ಮನೆಯಲ್ಲಿ ಇರಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಯಾರೂ ಪರವಾನಗಿಗೆ ಅರ್ಜಿ ಹಾಕದ್ದರಿಂದ, 1959ರ ಶಸ್ತ್ರ ಕಾಯ್ದೆಯ ಪ್ರಕಾರ ಅದನ್ನು ಠಾಣೆಗೆ ಒಪ್ಪಿಸಲಾಗಿತ್ತು. ಅವಧಿ ಮೀರಿದ ಮೇಲೆ ಅದು ಸರ್ಕಾರದ ವಶವಾಯಿತು. ದುರ್ಬೀನು ಬೇರೆ ಚೀಲದಲ್ಲಿದ್ದುದರಿಂದ ಯಾರ ನೆನಪಿಗೂ ಬರದೆ ಉಳಿದುಕೊಂಡಿತು.

ಹಿರಿಯವರು ಕನ್ನಡ ಅಧ್ಯಾಪಕರಾಗಿ ನಿವೃತ್ತರಾದವರು, ಊರಿಗೆಲ್ಲ ಮಾಸ್ತರರು. ಮೂವರಿಗೂ ಹಂಚಲಾಗದ ವಸ್ತುವನ್ನು ಮಾರಿ ಹಣವನ್ನು ಹಂಚಿಕೊಳ್ಳುವುದೆಂದು ತೀರ್ಮಾನವಾಯಿತು. ಬೆಲೆ ಎಷ್ಟೆಂಬುದು ಮಾತ್ರ ಯಾರಿಗೂ ತಿಳಿಯದು. ಕಿರಿಯವರು ಅದರ ಫೋಟೋಗಳನ್ನು ಮೊಬೈಲಿನಲ್ಲಿಟ್ಟುಕೊಂಡು ವಾಡಿಯಲ್ಲಿ ರೈಲು ಹತ್ತಿದರು. 1874ರಲ್ಲಿ ನಿಜಾಮರ ರಾಜ್ಯ ತೆರೆದ ಈ ಮಾರ್ಗ ಚಿತ್ತಾಪುರ, ಮಳಖೇಡ, ಸೇಡಂ ದಾಟಿ ಹೈದರಾಬಾದಿನ ಕಡೆಗೆ ಹೋಗುತ್ತದೆ. ಅಲ್ಲಿಯ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬನು ಮೊದಲು ಆರು ಸಾವಿರ ಎಂದನು. ಬಳಿಕ ತಾನೇ ಹದಿನೈದು ಸಾವಿರಕ್ಕೆ ಏರಿದನು, ಎರಡು ಷರತ್ತುಗಳ ಮೇಲೆ. ಕೊಳವೆಯ ಕೆಳಗಿನ 'ಕೆಲಸಕ್ಕೆ ಬಾರದ' ಉಕ್ಕಿನ ಕೊಕ್ಕೆಗಳನ್ನು ಉಜ್ಜಿ ತೆಗೆಸಿ, ಮೈಗೆ ಪಾಲಿಶ್ ಹಾಕಿಸಬೇಕು. ಮತ್ತು ಇದು ನಿಜಾಮರ ಶಿಕಾರಿ ಡೇರೆಯಲ್ಲಿದ್ದ ವಸ್ತುವೆಂದು ಮನೆಯವರು ಒಂದು ಕಾಗದ ಬರೆದುಕೊಡಬೇಕು.

ಕಿರಿಯವರು ಸಂತೋಷದಿಂದಲೇ ಮರಳಿದರು. ಮಾಸ್ತರರು ಎಂಟು ದಿನದ ಗಡುವು ಕೇಳಿದರು.

ಹಳೆಯ ವಸ್ತುವಿನ ಬೆಲೆ ಕಟ್ಟುವುದೆಂದರೆ ಮೊದಲು ಅದನ್ನು ಓದುವುದು. ದುರ್ಬೀನಿನ ಮೈಮೇಲೆ ಅಕ್ಷರಗಳಿದ್ದವು: ಕಾರ್ಲ್ ಝೈಸ್, ಯೇನಾ, ಅದರ ಜೊತೆಗೆ 'ತ್ಸೀಲ್‌ಫಿಯರ್' ಎಂಬ ಹೆಸರು ಮತ್ತು ಒಂದು ಕ್ರಮಸಂಖ್ಯೆ. ಜರ್ಮನ್ ಭಾಷೆಯಲ್ಲಿ 'ತ್ಸೀಲ್' ಎಂದರೆ ಗುರಿ, 'ಫಿಯರ್' ಎಂದರೆ ನಾಲ್ಕು; ಗುರಿಯನ್ನು ನಾಲ್ಕು ಪಟ್ಟು ಹತ್ತಿರ ತೋರಿಸುವ ಗಾಜು ಎಂದರ್ಥ. ಝೈಸ್ 1846ರಲ್ಲಿ ಯೇನಾ ನಗರದಲ್ಲಿ ಆರಂಭವಾದ ಕಾರ್ಯಾಗಾರ; ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ ಮತ್ತು ಗಾಜಿನ ತಜ್ಞ ಒಟ್ಟೊ ಷಾಟ್ ಅವರ ಕೆಲಸದಿಂದ ಲೋಕಪ್ರಸಿದ್ಧವಾದದ್ದು. ಆದರೆ ಯೇನಾ ಎಂಬ ಹೆಸರೊಂದರಿಂದ ಕಾಲ ನಿರ್ಣಯವಾಗದು. ಎರಡನೆಯ ಮಹಾಯುದ್ಧದ ನಂತರ ಜರ್ಮನಿ ಒಡೆದು, ಪೂರ್ವ ಭಾಗದ ಯೇನಾದಲ್ಲಿಯೂ ಪಶ್ಚಿಮದ ಓಬರ್‌ಕೋಹೆನ್‌ನಲ್ಲಿಯೂ ಝೈಸ್ ಹೆಸರು ಮುಂದುವರಿಯಿತು.

ಮಾಸ್ತರರು ಅದನ್ನು ಕಲಬುರಗಿಯ ಒಬ್ಬ ಹಳೆಯ ಕ್ಯಾಮೆರಾ ರಿಪೇರಿಗಾರರಲ್ಲಿಗೆ ಒಯ್ದರು. ಅವರು ಗಾಜಿಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದರು. ಪ್ರತಿಬಿಂಬ ಬೆಳ್ಳಗಿತ್ತು, ನೀಲಿ ಅಥವಾ ನೇರಳೆ ಛಾಯೆ ಇರಲಿಲ್ಲ. ಗಾಜಿಗೆ ಪ್ರತಿಫಲನ ತಡೆಯುವ ಲೇಪ ಕೊಡುವ ವಿಧಾನವನ್ನು ಝೈಸ್ ಸಂಸ್ಥೆಯಲ್ಲಿಯೇ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ರೂಪಿಸಿದ್ದರೂ ಅದು ಸಾಮಾನ್ಯ ಬಳಕೆಗೆ ಬಂದದ್ದು ಯುದ್ಧದ ನಂತರ. ಲೇಪವಿಲ್ಲದ ಗಾಜು ಯುದ್ಧಪೂರ್ವದ ಕಡೆಗೆ ಬೆರಳು ತೋರುತ್ತದೆ. ಆದರೆ ಅದು ಸೂಚನೆಯೇ ಹೊರತು ಪ್ರಮಾಣವಲ್ಲ.

ರಿಪೇರಿಗಾರರು ಹೇಳಿದ ಇನ್ನೊಂದು ಸಂಗತಿ ಈ ಸೀಮೆಗೆ ಸಂಬಂಧಿಸಿದ್ದು. ಆ ಕಾಲದ ಮಸೂರಗಳನ್ನು ಒಂದಕ್ಕೊಂದು ಅಂಟಿಸುತ್ತಿದ್ದದ್ದು ಕೆನಡಾ ಬಾಲ್ಸಮ್ ಎಂಬ ಮರದ ಅಂಟಿನಿಂದ. ಕರಾವಳಿಯ ತೇವದಲ್ಲಿ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಕಲಬುರಗಿಯ ಬಿಸಿಲು ಬೂಷ್ಟನ್ನು ತಡೆಯುತ್ತದೆ, ಅಂಟನ್ನು ಸಡಿಲಿಸುತ್ತದೆ. ಈ ದುರ್ಬೀನಿನ ಅಂಚಿನಲ್ಲಿಯೂ ಕಾಮನಬಿಲ್ಲಿನಂಥ ಸಣ್ಣ ಕಲೆಯಿತ್ತು. ತಿರುಪುಗಳ ತಲೆ ಮಾತ್ರ ಹೊಸದಾಗಿಯೇ ಇತ್ತು, ಅಂದರೆ ಯಾರೂ ಅದನ್ನು ಬಿಚ್ಚಿರಲಿಲ್ಲ. "ಬಿಚ್ಚಬ್ಯಾಡ್ರಿ, ಒರಸಬ್ಯಾಡ್ರಿ ಸರ. ಕಲೆ ಅದ ಅಂತ ಹೇಳೇ ಮಾರ್ರಿ" ಎಂದು ಅವರು ಕೈಗೆ ಕೊಟ್ಟರು.

ಉಳಿದದ್ದು ಆ ಕೊಕ್ಕೆಗಳು. ಜರ್ಮನ್ ಕುಶಲಕರ್ಮಿಗಳು ದುರ್ಬೀನನ್ನು ರೈಫಲ್ಲಿಗೆ ಉಗುರಿನಾಕಾರದ ಕೊಕ್ಕೆಗಳಿಂದ ಕೂಡಿಸುತ್ತಿದ್ದರು. ಆ ಹಿಡಿಕೆಯನ್ನು ಒಂದೊಂದು ರೈಫಲ್ಲಿಗೂ ಕೈಯಿಂದಲೇ ಅರದಿಂದ ಉಜ್ಜಿ ಹೊಂದಿಸಬೇಕಾಗಿತ್ತು. ಒಂದರದು ಇನ್ನೊಂದಕ್ಕೆ ಕೂಡುವುದಿಲ್ಲ. ಅದಕ್ಕಾಗಿಯೇ ಅನೇಕ ವೇಳೆ ರೈಫಲ್ಲಿನ ಸಂಖ್ಯೆಯನ್ನು ಹಿಡಿಕೆಯ ಮೇಲೆ ಒತ್ತುತ್ತಿದ್ದರು. ಮಾಸ್ತರರು ಭೂತಗನ್ನಡಿ ಹಿಡಿದು ನೋಡಿದಾಗ, ಹಿಂಬದಿಯ ಕೊಕ್ಕೆಯ ಬುಡದಲ್ಲಿ ನಾಲ್ಕು ಅಂಕಿಗಳು ಕಂಡವು. ವ್ಯಾಪಾರಿ ಉಜ್ಜಿ ತೆಗೆಸಬೇಕೆಂದದ್ದು ಇದನ್ನೇ.

ಇದೇ ಜಿಲ್ಲೆಯ ಸನ್ನತಿಯಲ್ಲಿ ನಡೆದದ್ದು ಅವರಿಗೆ ನೆನಪಾಯಿತು. 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯ ಛಾವಣಿ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಹಾಸುಗಲ್ಲು ಅಶೋಕನ ಶಾಸನವೆಂದು ತಿಳಿಯಿತು. ವಿಗ್ರಹವನ್ನು ನಿಲ್ಲಿಸಲು ಹಿಂದೆ ಯಾರೋ ಆ ಕಲ್ಲಿನ ನಡುವೆ ಚೌಕನೆಯ ಕುಳಿ ಕೊರೆದಿದ್ದರು. ಕುಳಿಯಲ್ಲಿದ್ದ ಅಕ್ಷರಗಳು ಮರಳಿ ಬರಲಾರವು. ಕೊರೆದವರಿಗೆ ದುರುದ್ದೇಶವೇನೂ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ಗಟ್ಟಿ ಪೀಠ.

ನಾಲ್ಕು ಅಂಕಿ ಸಿಕ್ಕಿತು. ಅದಕ್ಕೆ ಜೋಡಿ ಬೇಕಲ್ಲ! ಟ್ರಂಕಿನ ಮುಚ್ಚಳದ ಒಳಬದಿಗೆ ಸಿಕ್ಕಿಸಿದ್ದ ಕಾಗದಗಳಲ್ಲಿ ಮಡಿಕೆ ಹರಿದ ಒಂದು ಉರ್ದೂ ಪತ್ರವಿತ್ತು. ಆಗ ಈ ಭಾಗ ಹೈದರಾಬಾದು ಸಂಸ್ಥಾನ. ಆಡಳಿತದ ಭಾಷೆ ಉರ್ದೂ, ಲೆಕ್ಕದ ವರ್ಷ ಫಸಲಿ. ಅಜ್ಜನ ಮೊಮ್ಮಕ್ಕಳಲ್ಲಿ ಒಬ್ಬರಿಗೂ ಆ ಲಿಪಿ ಬಾರದು. ಶಹಾಬಾದಿನ ನಿವೃತ್ತ ಉರ್ದೂ ಶಿಕ್ಷಕರೊಬ್ಬರು ಓದಲು ಒಪ್ಪಿದರು. ಕಚೇರಿಯ ಗುಮಾಸ್ತರು ಬರೆಯುತ್ತಿದ್ದ, ಅಕ್ಷರಗಳು ಮುರಿದು ಒಂದರೊಳಗೊಂದು ಬೆರೆಯುವ 'ಶಿಕಸ್ತಾ' ಬರವಣಿಗೆ ಅದು; ಬಿಡಿಸಲು ಎರಡು ಮಧ್ಯಾಹ್ನಗಳು ಬೇಕಾದವು. ಅದು ಬಂದೂಕಿನ ಪರವಾನಗಿ, 1347 ಫಸಲಿಯದು. ಹೈದರಾಬಾದಿನ ಫಸಲಿಗೆ 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ವರ್ಷ ಅಕ್ಟೋಬರಿನಲ್ಲಿ ಆರಂಭವಾಗುವುದರಿಂದ ಇದು 1937-38. ಮೌಸರ್ ರೈಫಲ್ ಒಂದು ಎಂದು ಬರೆದು ಅದರ ಸಂಖ್ಯೆ ಕೊಟ್ಟಿತ್ತು. ಕೊಕ್ಕೆಯ ಮೇಲಿನ ನಾಲ್ಕು ಅಂಕಿಗಳೂ ಅವೇ.

ರೈಫಲ್ಲಿಲ್ಲದೆಯೂ ದುರ್ಬೀನಿಗೆ ತನ್ನ ಮನೆ, ತನ್ನ ಕಾಲ, ತನ್ನ ಒಡೆಯ ಮರಳಿ ಸಿಕ್ಕಂತಾಯಿತು. ಆದರೆ ಪರವಾನಗಿಯಲ್ಲಿ ಇನ್ನೂ ಒಂದು ಸಾಲಿತ್ತು. ಕಾರಣದ ಅಂಕಣದಲ್ಲಿ ಎರಡು ಪದಗಳು: ಹಿಫಾಜತ್ ಮತ್ತು ಶಿಕಾರ್, ಅಂದರೆ ರಕ್ಷಣೆ ಮತ್ತು ಬೇಟೆ. ಹಿಂಬದಿಯಲ್ಲಿ ಕೊಂಡ ತೋಟಾಗಳ ಲೆಕ್ಕವಿತ್ತು.

ಮನೆಯಲ್ಲಿ ಅಜ್ಜನ ಬಗ್ಗೆ ಹೇಳುತ್ತ ಬಂದ ಕಥೆಯೇ ಬೇರೆ. ಜೋಳ, ತೊಗರಿಗೆ ಬೀಳುವ ಹಂದಿಗಳನ್ನು ಬೆದರಿಸಲು ಅವರು ಬಂದೂಕು ಇಟ್ಟುಕೊಂಡಿದ್ದರು; ಒಂದು ಜೀವವನ್ನೂ ಕೊಂದವರಲ್ಲ ಎಂಬುದು ಆ ಕಥೆ. ಮಕ್ಕಳು ಮೊಮ್ಮಕ್ಕಳೆಲ್ಲ ಅದನ್ನು ನಂಬಿದ್ದರು. ಹಂದಿ ಬೆದರಿಸಲು ಸದ್ದು ಸಾಕು. ನಾಲ್ಕು ಪಟ್ಟು ಹತ್ತಿರ ತೋರಿಸುವ ಗಾಜು ಬೇಕಿಲ್ಲ. ಅದು ಬೇಕಾಗುವುದು ಬಯಲಿನಲ್ಲಿ ದೂರ ನಿಂತ ಚಿಗರಿಗೆ. ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ ಅದು. ಅಜ್ಜನ ಕಾಲದಲ್ಲಿ ಆ ಕಾಯ್ದೆ ಇರಲಿಲ್ಲವೆಂಬುದು ನಿಜ. ಮನೆಯ ಕಥೆ ಸುಳ್ಳೆಂಬುದೂ ನಿಜ.

ಕಿರಿಯವರಿಗೆ ನೋವಾಯಿತು. "ಅಣ್ಣಾ, ಅಜ್ಜ ಶಿಕಾರಿ ಮಾಡ್ತಿದ್ದ ಅಂತ ನಾವ ಯಾಕ ಬರದು ಕೊಡಬೇಕು? ಮಂದಿ ಏನಂದಾರು?" ಎಂದರು.

"ಬರದಾಂವ ನಾನಲ್ಲೋ ತಮ್ಮಾ. ಆ ಕಾಗದದಾಗ ಮೊದಲೇ ಅದ" ಎಂದರು ಮಾಸ್ತರರು.

ನಡುವಿನವರು ಆ ಕಾಗದವನ್ನು ತೋರಿಸದೆಯೇ ಮಾರೋಣವೆಂದರು. ಅಂಕಿ ಹೊಂದುತ್ತದೆಂದು ಹೇಳಿ ಕಾರಣದ ಸಾಲನ್ನು ಮುಚ್ಚಿದರೆ, ನಿಜಾಮರ ಹೆಸರು ಸೇರಿಸಬೇಕೆಂದ ವ್ಯಾಪಾರಿಗೂ ತಮಗೂ ವ್ಯತ್ಯಾಸ ಏನುಳಿಯಿತು ಎಂದು ಮಾಸ್ತರರು ಕೇಳಿದರು. ಅವನು ಇಲ್ಲದ್ದನ್ನು ಕೂಡಿಸುತ್ತಾನೆ, ತಾವು ಇದ್ದದ್ದನ್ನು ಕಳೆಯುತ್ತೇವೆ. ಪಾಠ ಕೆಡುವುದು ಎರಡರಿಂದಲೂ. ಪ್ರತಿಕಾರರ ತಪ್ಪುಗಳ ಬಗ್ಗೆ ಮೂವತ್ತು ವರ್ಷ ತರಗತಿಯಲ್ಲಿ ಹೇಳಿದವರು ಮನೆಯ ಕಾಗದಕ್ಕೆ ಬೇರೆ ನ್ಯಾಯ ಹೇಳಲಾರದಾದರು. ಆ ರಾತ್ರಿ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಶಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಬಂದೂಕಿನ ಬಿಡಿಭಾಗಗಳೂ ಸೇರುವುದರಿಂದ ಮಾಸ್ತರರು ಮೊದಲು ಠಾಣೆಗೆ ಅರ್ಜಿ ಬರೆದು ಕೇಳಿದರು. ಉತ್ತರ ಬಂದ ಮೇಲೆಯೇ, ಪರವಾನಗಿಯುಳ್ಳ ಬೆಂಗಳೂರಿನ ಒಬ್ಬ ಸಂಗ್ರಾಹಕರಿಗೆ ಫೋಟೋಗಳನ್ನೂ ಒಂದು ಪುಟದ ವಿವರಣೆಯನ್ನೂ ಕಳಿಸಿದರು. ಗಾಜಿನ ಅಂಚಿನ ಕಲೆ, ಹೊಂದುವ ಅಂಕಿ, ರೈಫಲ್ ಸರ್ಕಾರಕ್ಕೆ ಸೇರಿದ್ದು, ಪರವಾನಗಿಯ ಕಾರಣ, ತೋಟಾಗಳ ಲೆಕ್ಕ, ಎಲ್ಲವೂ ಅದರಲ್ಲಿದ್ದವು. ಸಂಗ್ರಾಹಕರು ರಾವೂರಿಗೇ ಬಂದರು. ಗಾಜಿಗಿಂತ ಹೆಚ್ಚು ಹೊತ್ತು ಅವರು ಆ ಉರ್ದೂ ಕಾಗದವನ್ನು ನೋಡಿದರು. ಕಲೆಗೆಂದು ಕಳೆದು, ಕಾಗದಕ್ಕೆಂದು ಕೂಡಿಸಿ, ಇಪ್ಪತ್ತೆರಡು ಸಾವಿರ ಕೊಟ್ಟರು. ಮೂವರಿಗೂ ಸಮನಾಗಿ ಹಂಚಿ ಉಳಿದ ಒಂದು ರೂಪಾಯಿಯನ್ನು ಕಿರಿಯವರ ಮಗಳ ಕೈಗೆ ಹಾಕಿದರು.

ಪರವಾನಗಿಯ ಮೂಲವನ್ನು ಮಾಸ್ತರರು ದುರ್ಬೀನಿನ ಜೊತೆಗೇ ಕೊಟ್ಟರು. ಅಜ್ಜನ ಹೆಸರಿರುವ ಕಾಗದ ಮನೆಯಲ್ಲಿರಲಿ ಎಂದು ತಮ್ಮಂದಿರಿಬ್ಬರೂ ಕೇಳಿಕೊಂಡರು. ರೈಫಲ್ಲಿನಿಂದ ಒಮ್ಮೆ ಬೇರೆಯಾದದ್ದನ್ನು ಕಾಗದದಿಂದಲೂ ಬೇರೆ ಮಾಡಬಾರದೆಂದು ಅವರು ಒಪ್ಪಲಿಲ್ಲ. ಟ್ರಂಕಿನಲ್ಲಿ ಈಗ ಪರವಾನಗಿಯ ಜೆರಾಕ್ಸ್ ಪ್ರತಿ ಇದೆ. ಅದರ ಬೆನ್ನಿಗೆ ಶಹಾಬಾದಿನ ಶಿಕ್ಷಕರು ಓದಿ ಹೇಳಿದ್ದನ್ನು ಮಾಸ್ತರರು ಕನ್ನಡದಲ್ಲಿ ಬರೆದ ಹಾಳೆ. 'ಶಿಕಾರ್' ಎಂಬ ಪದವನ್ನು ಅದರಲ್ಲಿ ಅವರು ಬೇಟೆಯೆಂದೇ ಅನುವಾದಿಸಿದ್ದಾರೆ.